ವಾರದ ಸಂತೆ ಖರ್ಚು ಮತ್ತು ರಾತ್ರಿ ಉಳಿಯುವ ಅನ್ನ

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ರಾಯಚೂರು. ಮನೆಯಲ್ಲಿ ಆರು ಜನ: ನಾವಿಬ್ಬರು, ಅತ್ತೆ, ಮಾವ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಹಾಲು, ಗ್ಯಾಸ್ ಬಿಟ್ಟು ವಾರಕ್ಕೆ ಎರಡೂವರೆ ಸಾವಿರ ಊಟಕ್ಕೇ ಹೋಗುತ್ತಿದೆ. ಭಾನುವಾರ ಉಸ್ಮಾನಿಯಾ ಮಾರ್ಕೆಟ್‌ನಿಂದ ಎರಡು ಚೀಲ ಕಾಯಿಪಲ್ಲೆ ತರುತ್ತೇವೆ. ಗುರುವಾರದ ಹೊತ್ತಿಗೆ ಅರ್ಧ ಸೊಪ್ಪು ಕೊಳೆತಿರುತ್ತದೆ. ರಾತ್ರಿ ಅನ್ನ ಉಳಿಯದ ದಿನವಿಲ್ಲ. ಚೆಲ್ಲಿದರೆ ಅತ್ತೆ ಬೇಜಾರು ಮಾಡಿಕೊಳ್ಳುತ್ತಾರೆ. "ನಾವು ತಂಗಳು ಉಂಡೇ ದೊಡ್ಡವರಾದೆವು" ಅಂತಾರೆ. ಮಕ್ಕಳಿಗೆ ಕೊಡಲು ನನಗೆ ಧೈರ್ಯವಿಲ್ಲ. ಖರ್ಚು ಎಲ್ಲಿ ಕಡಿಮೆ ಮಾಡಲಿ?

ಉತ್ತರ: ಮೊದಲ ಒಂದು ವಾರ ಏನನ್ನೂ ಬದಲಿಸಬೇಡಿ. ಮುಸುರೆ ಬಕೆಟ್ ಪಕ್ಕದಲ್ಲಿ ಇನ್ನೊಂದು ಹಳೆಯ ಡಬ್ಬಿ ಇಡಿ. ಸಿಪ್ಪೆ, ದಂಟು ಬಕೆಟ್‌ಗೆ ಹೋಗಲಿ. ತಿನ್ನಬಹುದಾಗಿದ್ದು ಚೆಲ್ಲಬೇಕಾಗಿ ಬಂದದ್ದು ಮಾತ್ರ ಡಬ್ಬಿಗೆ. ರಾತ್ರಿ ಅದನ್ನು ಖಾಲಿ ಮಾಡುವ ಮುಂಚೆ ಏನೇನಿದೆ ಎಂದು ಕ್ಯಾಲೆಂಡರ್ ಮೇಲೆ ಬರೆದಿಡಿ. ನಮ್ಮ ಮನೆಯಲ್ಲಿ ಇದನ್ನು ಮಾಡಿದಾಗ ಒಂದೇ ವಾರದಲ್ಲಿ ಮೂರು ಸಲ "ಕೊತ್ತಂಬರಿ, ಅರ್ಧ ಕಟ್ಟು" ಎಂದು ಬರೆದಿದ್ದೆ. ಫ್ರಿಜ್‌ನ ಕೆಳಗಿನ ಟ್ರೇನಲ್ಲಿ, ಕಟ್ಟಿದ ಪ್ಲಾಸ್ಟಿಕ್ ಚೀಲದೊಳಗೆ, ಕಪ್ಪು ನೀರಾಗಿ ಹೋಗಿತ್ತು. ಅಗ್ಗ ಅಂತ ಮೂರು ಕಟ್ಟು ತಂದು ಒಂದೂವರೆ ಕಟ್ಟು ಚೆಲ್ಲಿದ್ದೆ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿಯ ಅಂದಾಜಿನಂತೆ, ಭಾರತದ ಮನೆಗಳಲ್ಲಿ ಒಬ್ಬರಿಗೆ ವರ್ಷಕ್ಕೆ ಸುಮಾರು 55 ಕೆಜಿ ಆಹಾರ ಕಸಕ್ಕೆ ಹೋಗುತ್ತದೆ. ಸಿಪ್ಪೆ, ಮೂಳೆ ಎಲ್ಲ ಸೇರಿದ ಲೆಕ್ಕ ಅದು. ಆರು ಜನರ ಮನೆಗೆ ವಾರಕ್ಕೆ ಆರು ಕೆಜಿ ದಾಟಿತು. ನಿಮ್ಮ ಮನೆಯ ಲೆಕ್ಕ ಎಷ್ಟು ಅನ್ನೋದು ಆ ಡಬ್ಬಿಯೇ ಹೇಳುತ್ತದೆ.

ಈಗ ಅನ್ನದ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ಅಂಜಿಕೆಯಲ್ಲಿ ಹುರುಳಿದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಕುಕ್ಕರ್‌ನಲ್ಲಿ ಬೇಯಿಸಿದರೂ ಅವು ಉಳಿದುಬಿಡಬಹುದು. ಅನ್ನ ಬೆಚ್ಚಗೆ ಹೊರಗೆ ಕೂತರೆ ಬೆಳೆದು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ, ಒಗ್ಗರಣೆ ಹಾಕಿದರೂ ಹೋಗುವುದಿಲ್ಲ. ಬೇಯಿಸಿದ ಆಹಾರ ಹೊರಗೆ ಎರಡು ತಾಸಿಗಿಂತ ಜಾಸ್ತಿ ಇರಬಾರದು ಎನ್ನುವುದು ಸಾಮಾನ್ಯ ನಿಯಮ. 32 ಡಿಗ್ರಿ ದಾಟಿದರೆ ಒಂದೇ ತಾಸು. ನಮ್ಮ ರಾಯಚೂರಲ್ಲಿ ಏಪ್ರಿಲ್, ಮೇ ಬಂತೆಂದರೆ 40 ದಾಟುತ್ತದೆ. ರಾತ್ರಿ ಅಡುಗೆಮನೆಯೂ ತಣ್ಣಗಾಗುವುದಿಲ್ಲ, ಅಲ್ವಾ? ಹಾಗಾಗಿ ರಾತ್ರಿಯಿಡೀ ಕುಕ್ಕರ್‌ನಲ್ಲೇ ಕೂತ ಅನ್ನಕ್ಕೆ ಮುಂಜಾನೆ ಚಿತ್ರಾನ್ನದ ಒಗ್ಗರಣೆ ಹಾಕಿ ಮಕ್ಕಳ ಡಬ್ಬಿಗೆ ಹಾಕುವುದು ಬೇಡ.

ನಿಮ್ಮ ಅತ್ತೆಯವರ ಮಾತನ್ನೂ ತೆಗೆದುಹಾಕಬೇಡಿ. ಅವರ ಕಾಲದಲ್ಲಿ ಹಿಡಿದಷ್ಟೇ ಅಡುಗೆ, ಅದರ ಮೇಲೆ ರೊಟ್ಟಿ. ಉಳಿಯುತ್ತಿದ್ದದ್ದು ಬಹುತೇಕ ರೊಟ್ಟಿಯೇ. ರೊಟ್ಟಿ ಒಣಗಿದರೂ ಕೆಡುವುದಿಲ್ಲ. ಅನ್ನ ಹಾಗಲ್ಲ. ನನ್ನ ಸಲಹೆ ಇಲ್ಲಿಂದಲೇ ಶುರುವಾಗುತ್ತದೆ: ನಮ್ಮ ಬಿಸಿಲಿನ ನಾಡಿನಲ್ಲಿ ಅನ್ನವನ್ನು ಬೇಯಿಸುವ ಮುಂಚೆಯೇ ಉಳಿಸಬೇಕು.

ಕಣ್ಣಳತೆ ಬಿಡಿ. ಒಂದು ಲೋಟ ಗೊತ್ತು ಮಾಡಿ, ಅಕ್ಕಿ ಡಬ್ಬಿಯಲ್ಲೇ ಇಡಿ. ರೊಟ್ಟಿ ಉಂಡ ಮೇಲೆ ಅನ್ನ ಉಣ್ಣುವ ಆರು ಜನಕ್ಕೆ 300-350 ಗ್ರಾಂ ಅಕ್ಕಿಯಿಂದ ಶುರು ಮಾಡಿ, ನಾಲ್ಕು ದಿನ ನೋಡಿ, ಏರಿಸಿ ಇಳಿಸಿ. ಕಡಿಮೆ ಬಿದ್ದರೆ? ಅದಕ್ಕೇ ಕಟಕ್ ರೊಟ್ಟಿ. ವಾರಕ್ಕೊಮ್ಮೆ ಹತ್ತು-ಹನ್ನೆರಡು ರೊಟ್ಟಿ ಜಾಸ್ತಿ ಬಡಿದು, ಹಂಚಿನ ಮೇಲೆ ಗರಿಗರಿಯಾಗುವವರೆಗೆ ಒಣಗಿಸಿ, ಬಟ್ಟೆಯಲ್ಲಿ ಸುತ್ತಿ ಡಬ್ಬಿಗಿಡಿ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೊಸರು ಇದ್ದರೆ ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೆಂಟರಿಗೂ ಸಾಕು. "ಯಾರಾದರೂ ಬಂದರೆ" ಅಂತ ದಿನಾ ಒಂದು ಹಿಡಿ ಅಕ್ಕಿ ಜಾಸ್ತಿ ಹಾಕುವುದು ಆಗ ತಾನಾಗಿ ನಿಲ್ಲುತ್ತದೆ. ಒಂದು ದೊಡ್ಡ ಬಟ್ಟಲು ಅನ್ನ ಉಳಿಯಿತೆಂದರೆ ಸುಮಾರು 100 ಗ್ರಾಂ ಅಕ್ಕಿ. ತಿಂಗಳಿಗೆ ಮೂರು ಕೆಜಿ. ಕೆಜಿಗೆ 60 ರೂಪಾಯಿ ಹಿಡಿದರೂ 180 ರೂಪಾಯಿ ಮುಸುರೆಗೆ ಹೋದಂತೆ.

ಇಷ್ಟಾದರೂ ಅನ್ನ ಉಳಿದರೆ, ಊಟ ಮುಗಿದ ಕೂಡಲೇ ಅಗಲ ತಟ್ಟೆಯಲ್ಲಿ ಹರವಿ ಆರಿಸಿ, ಒಂದು ತಾಸಿನೊಳಗೆ ಫ್ರಿಜ್‌ಗೆ ಇಡಿ. ಮರುದಿನ ಮುಂಜಾನೆಯೇ ಹೊಗೆಯಾಡುವಷ್ಟು ಬಿಸಿ ಮಾಡಿ ಮುಗಿಸಿ. ಕರೆಂಟ್ ಹೋದರೆ ಫ್ರಿಜ್ ಬಾಗಿಲು ತೆಗೆಯಬೇಡಿ. ಮುಚ್ಚಿದ್ದರೆ ಸುಮಾರು ನಾಲ್ಕು ತಾಸು ತಂಪು ಹಿಡಿದಿರುತ್ತದೆ.

ಕಾಯಿಪಲ್ಲೆಗೆ ಬರೋಣ. ಎರಡು ಚೀಲ ಒಂದೇ ದಿನ ತರಬೇಡಿ. ಭಾನುವಾರ ಉಳ್ಳಾಗಡ್ಡಿ, ಆಲೂಗಡ್ಡೆ, ಕುಂಬಳ, ಗಜ್ಜರಿ, ಬದನೆ ತನ್ನಿ. ಸೊಪ್ಪನ್ನು ಮಾತ್ರ ವಾರಕ್ಕೆ ಎರಡು ಸಲ, ಎರಡು ದಿನಕ್ಕಾಗುವಷ್ಟೇ. ಮೆಂತ್ಯ, ಪುಂಡಿಪಲ್ಲೆ ತಂದ ದಿನ ಇಲ್ಲವೇ ಮರುದಿನ ಮಾಡಿಬಿಡಿ. ಬೆಂಡೆ, ಹೀರೆ ಅದರ ನಂತರ. ಕುಂಬಳ ಕೊನೆಗೆ. ಸೊಪ್ಪನ್ನು ತೊಳೆದು ಇಡಬೇಡಿ. ಕೊಳೆತ ಎಲೆ ಆರಿಸಿ, ಒಣ ಬಟ್ಟೆ ಇಲ್ಲವೇ ಪೇಪರ್‌ನಲ್ಲಿ ಸುತ್ತಿ ಡಬ್ಬಿಗೆ ಹಾಕಿ. ಬಾಳೆಹಣ್ಣು, ಮಾಗಿದ ಟೊಮೆಟೊ ಪಕ್ಕ ಸೊಪ್ಪು ಇಟ್ಟರೆ ಬೇಗ ಹಳದಿಯಾಗುತ್ತದೆ. ಆ ಹಣ್ಣುಗಳಿಂದ ಹೊರಡುವ ಎಥಿಲೀನ್ ಅನಿಲ ಅದಕ್ಕೆ ಕಾರಣ. ಆಲೂಗಡ್ಡೆ, ಉಳ್ಳಾಗಡ್ಡಿ ಬೇರೆ ಬೇರೆ ಬುಟ್ಟಿಯಲ್ಲಿರಲಿ.

ಇನ್ನೊಂದು ಮಾತು. ಜೋಳದ ಹಿಟ್ಟು ತಿಂಗಳಿಗಾಗುವಷ್ಟು ಬೀಸಿಸಬೇಡಿ. ಕಾಳಿನ ಮೊಳಕೆ ಭಾಗದಲ್ಲಿ ಎಣ್ಣೆ ಅಂಶವಿದೆ. ಬೀಸಿದ ಮೇಲೆ ಅದು ಗಾಳಿಗೆ ತೆರೆದುಕೊಂಡು ಕಹಿಯಾಗುತ್ತದೆ, ಹಿಟ್ಟಿನ ಜಿಗಿಯೂ ಹೋಗುತ್ತದೆ. ಹತ್ತು-ಹದಿನೈದು ದಿನಕ್ಕಾಗುವಷ್ಟು ಗಿರಣಿಗೆ ಕಳಿಸಿ, ಉಳಿದದ್ದು ಕಾಳಾಗಿಯೇ ಇರಲಿ. ತೊಗರಿಬೇಳೆಯನ್ನು ಬಿಸಿಲಿಗೆ ಹಾಕಿ ಆರಿಸಿ, ಒಂದಿಷ್ಟು ಹರಳೆಣ್ಣೆ ಸವರಿ ಇಟ್ಟರೆ ಹುಳ ಬೀಳುವುದು ಕಡಿಮೆ. ಇದನ್ನು ಅತ್ತೆಯವರ ಕೈಗೇ ಒಪ್ಪಿಸಿ. ಅವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಪ್ರಶ್ನೆ: ಗಂಗಾವತಿಯಿಂದ ಬರೆಯುತ್ತಿದ್ದೇನೆ. ಅಗ್ಗಕ್ಕೆ ಸಿಕ್ಕಿತೆಂದು ಒಂದು ಚೀಲ ಶೇಂಗಾ ತಂದಿದ್ದೆವು. ಮಳೆಗಾಲದಲ್ಲಿ ಕೆಲವು ಬೀಜಕ್ಕೆ ಹಸಿರು ಬೂಷ್ಟು ಬಂದಿದೆ. ತೊಳೆದು, ಬಿಸಿಲಿಗೆ ಹಾಕಿ, ಹುರಿದು ಹಿಂಡಿ ಮಾಡಬಹುದಾ?

ಉತ್ತರ: ಬೇಡ. ಶೇಂಗಾದ ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು. ಅದು ಲಿವರ್‌ಗೆ ಹಾನಿ ಮಾಡುತ್ತದೆ, ಲಿವರ್ ಕ್ಯಾನ್ಸರ್‌ಗೂ ಕಾರಣವಾಗಬಲ್ಲದು. ತೊಳೆದರೂ, ಹುರಿದರೂ ಪೂರ್ತಿ ಹೋಗುವುದಿಲ್ಲ. ಬೂಷ್ಟು ಬಂದದ್ದು, ಮುರುಟಿದ್ದು, ಬಣ್ಣ ಕೆಟ್ಟದ್ದು, ಬಾಯಿಗೆ ಕಹಿ ಬರುವುದು ಎಲ್ಲ ತೆಗೆದು ಹಾಕಿ. ಚೀಲದ ತುಂಬ ಹಬ್ಬಿದ್ದರೆ ಪೂರ್ತಿ ಚೀಲ ಬಿಡುವುದೇ ಒಳ್ಳೆಯದು. ದುಡ್ಡು ಹೋದ ಸಂಕಟ ನನಗೆ ಅರ್ಥವಾಗುತ್ತದೆ. ಮುಂದಿನ ಸಲ ಎರಡು-ಮೂರು ಕೆಜಿಯಷ್ಟೇ ತನ್ನಿ, ಚೆನ್ನಾಗಿ ಒಣಗಿಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಕೆಟ್ಟ ಶೇಂಗಾ ದನಕ್ಕೂ ಹಾಕಬೇಡಿ, ಆ ವಿಷ ಹಾಲಿಗೂ ಇಳಿಯುತ್ತದೆ.