ಎಲ್ಲಕ್ಕೂ ಪ್ರಬಂಧ ಅಂದರೆ ಸಾಕೇ?

ಥೀಸಿಸ್, ಡಿಸರ್ಟೇಶನ್, ಪೇಪರ್, ಮಾನೊಗ್ರಾಫ್ ಎಲ್ಲಕ್ಕೂ ಕನ್ನಡದಲ್ಲಿ 'ಪ್ರಬಂಧ' ಅಂದರೆ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ನಡೆಯುವುದಿಲ್ಲ. ನೀವು ಮುಂಬೈ ಕಡೆಯವರಾದರೆ ಖಂಡಿತ ನಡೆಯುವುದಿಲ್ಲ.

ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಮಗಳು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಬಾಗಿಲ ಬಳಿ ಕೂತು ಏನೋ ಗೀಚುತ್ತಿದ್ದಳು. ಪಕ್ಕದ ಮನೆಯ ಕಾಕೂ ವಿಚಾರಿಸಿದರು. ಹಸುವಿನ ಮೇಲೆ ಪ್ರಬಂಧ ಬರೀತಿದ್ದಾಳೆ ಅಂತ ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಕಾಕೂ ಕಣ್ಣರಳಿಸಿದರು: "ಇಷ್ಟು ಬೇಗ?" ಮರಾಠಿಯಲ್ಲಿ ಪ್ರಬಂಧ ಅಂದರೆ ಪಿಎಚ್‌ಡಿಗೆ ಸಲ್ಲಿಸುವಂಥದ್ದು. ಮಕ್ಕಳು ಬರೆಯುವುದು ನಿಬಂಧ. ನಮಗೋ ನಿಬಂಧ ಅಂದರೆ ನಿಬಂಧನೆಯ ತಮ್ಮನೇನೋ ಅನ್ನಿಸುತ್ತದೆ. ಪುಣ್ಯಕ್ಕೆ 'ಸಂಶೋಧನೆ' ಎರಡೂ ಕಡೆ ಒಂದೇ. ಹಿಂದಿಯವರ ಹತ್ತಿರ ಮಾತ್ರ ಹುಷಾರು, ಅವರಿಗದು ತಿದ್ದುಪಡಿ.

ಪಿಎಚ್‌ಡಿಯ ಥೀಸಿಸ್ ಮಹಾಪ್ರಬಂಧ, ಎಂ.ಎ. ಕೊನೆಯಲ್ಲಿ ಬರೆಯುವ ಡಿಸರ್ಟೇಶನ್ ಕಿರುಪ್ರಬಂಧ. ನಡುವೆ ಎಂ.ಫಿಲ್.ಗೆ ಸಂಪ್ರಬಂಧ ಅನ್ನುತ್ತಿದ್ದೆವು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಆ ಪದವಿಯನ್ನೇ ನಿಲ್ಲಿಸಿದ್ದರಿಂದ ಪಾಪ ಆ ಪದಕ್ಕೀಗ ಕೆಲಸವಿಲ್ಲ. ನನ್ನದನ್ನು ಬೈಂಡಿಂಗಿಗೆ ಕೊಟ್ಟಾಗ, ಕನ್ನಡ ಬಾರದ ಬೈಂಡರ್ ಕಪ್ಪು ರೆಕ್ಸಿನ್ ಮೇಲೆ ಬಂಗಾರದ ಬಣ್ಣದಲ್ಲಿ 'ಸಪ್ರಬಧ' ಎಂದು ಒತ್ತಿಟ್ಟಿದ್ದ. ಎರಡು ಸೊನ್ನೆ ಯಾಕೋ ತಪ್ಪಿ ಬಿದ್ದಿವೆ ಅಂದುಕೊಂಡು ತಾನೇ ತೆಗೆದನಂತೆ! ನಾಲ್ಕೂ ಪ್ರತಿಗೆ ಹೊಸ ರಟ್ಟು ಹಾಕಿಸಬೇಕಾಯಿತು.

ಪೇಪರ್ ವಿಷಯ ಸುಲಭ. ವಿಚಾರ ಸಂಕಿರಣದಲ್ಲಿ ಓದಿದರೆ ಪ್ರಬಂಧ ಮಂಡಿಸಿದರು ಅನ್ನುತ್ತೇವೆ, ಪತ್ರಿಕೆಯಲ್ಲಿ ಬಂದರೆ ಅದು ಸಂಶೋಧನಾ ಲೇಖನ.

ಮಾನೊಗ್ರಾಫ್‌ಗೆ 'ಏಕವಿಷಯ ಗ್ರಂಥ' ಅನ್ನುವವರಿದ್ದಾರೆ. ಅರ್ಥವಾಗುತ್ತದೆ, ಆದರೆ ಬಾಯಿಗೆ ಬರುವುದಿಲ್ಲ. ನಾನಾದರೆ ಸಂಶೋಧನ ಗ್ರಂಥ ಅಂದುಬಿಡುತ್ತೇನೆ. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಪಿಎಚ್‌ಡಿಗೆ ಬರೆದದ್ದೇ. 1966ರಲ್ಲಿ ಅಚ್ಚಾದ ಮೇಲೆ ಓದುಗರಿಗೆ ಅದು ಗ್ರಂಥ. ಹಿರಿಯರ ಗೌರವಕ್ಕೆ ಹಲವರು ಸೇರಿ ಬರೆದುಕೊಡುವುದು ಅಭಿನಂದನ ಗ್ರಂಥ. 1941ರಲ್ಲಿ ಬಿಎಂಶ್ರೀ ಅವರಿಗೆ ಅರ್ಪಿಸಿದ್ದರ ಹೆಸರು 'ಸಂಭಾವನೆ'. ಇವತ್ತು ಆ ಹೆಸರಿಟ್ಟರೆ ಎಷ್ಟು ಕೊಟ್ಟರು ಅಂತ ಕೇಳಿಯಾರು.

ಒಂದು ಶಾಸ್ತ್ರವನ್ನು ಪೂರ್ತಿಯಾಗಿ ವಿವರಿಸುವ ಟ್ರೀಟೈಸ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಮುಂಬೈಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಇಲ್ಲಿನ ವಿದ್ವಾಂಸ ಪಾಂಡುರಂಗ ವಾಮನ ಕಾಣೆ 'ವ್ಯವಹಾರಮಯೂಖ' ಎಂಬ ಹಳೆಯ ಸಂಸ್ಕೃತ ಧರ್ಮಶಾಸ್ತ್ರ ಗ್ರಂಥವನ್ನು ಸಂಪಾದಿಸುವಾಗ ಧರ್ಮಶಾಸ್ತ್ರದ ಇತಿಹಾಸವನ್ನು ಅದಕ್ಕೊಂದು ಪೀಠಿಕೆಯಾಗಿ ಬರೆಯಲು ಕೂತರು. ಪೀಠಿಕೆ ಬೆಳೆದು 1930ರಿಂದ 1962ರವರೆಗೆ ಐದು ಸಂಪುಟವಾಯಿತು, ಆರು ಸಾವಿರಕ್ಕೂ ಹೆಚ್ಚು ಪುಟ. ಇಂಥದ್ದಕ್ಕೆ ಪ್ರಬಂಧದ ಹಿಂದೆ ಯಾವ ವಿಶೇಷಣ ಅಂಟಿಸಿದರೂ ಸಾಲದು, ಬೃಹದ್ಗ್ರಂಥ ಅನ್ನಬೇಕು.

ಮುಖಪುಟಕ್ಕೆ ಮಾತ್ರ ನನ್ನ ಮಾತು ಕೇಳಬೇಡಿ. ನಿಮ್ಮ ವಿಭಾಗದ ಕಪಾಟಿನಲ್ಲಿರುವ ಹಳೆಯ ಪ್ರತಿಯಲ್ಲಿ ಏನಿದೆಯೋ ಅದನ್ನೇ ಹಾಕಿ. ಬೈಂಡರಿಗೆ ಸೊನ್ನೆಗಳನ್ನು ಎಣಿಸಿ ಕೊಡಿ.