ಶೆಲ್ಟರ್‌ನಿಂದ ತರುವುದಾದರೆ ಮರಿ ಬೇಡ, ದೊಡ್ಡ ನಾಯಿಯನ್ನೇ ತನ್ನಿ

ನೀವು ಕೇಳಿದ್ದು ಇಷ್ಟು. ಮಂಗಳೂರಿನ ಬಿಜೈಯಲ್ಲಿ ಫ್ಲ್ಯಾಟ್, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಮನೆಯಲ್ಲಿ ವಯಸ್ಸಾದ ಅತ್ತೆ. ಪ್ರಾಣಿಗಳ ಶೆಲ್ಟರ್‌ನಿಂದ ಒಂದು ನಾಯಿ ತರುವ ಆಸೆ ಉಂಟು, ಆದರೆ ನೆಂಟರೆಲ್ಲ "ಅಲ್ಲಿನ ನಾಯಿಗೆ ರೋಗ ಇರುತ್ತದೆ, ಮನೆಗೆ ಹೊಂದಿಕೊಳ್ಳುವುದಿಲ್ಲ" ಎನ್ನುತ್ತಿದ್ದಾರೆ. ಮರಿ ತರುವುದಾ, ದೊಡ್ಡದಾ, ತಂದವರ ಅನುಭವ ಏನು?

ದೊಡ್ಡದನ್ನೇ ತನ್ನಿ. ಎರಡು ಮೂರು ವರ್ಷ ಆದದ್ದು, ಸಂತಾನಹರಣ ಆಪರೇಷನ್ ಆದದ್ದು, ಊರ ನಾಯಿ. ನಾವು ತಂದದ್ದು ಹಾಗೇ. ಕುಲಶೇಖರದ ಹತ್ತಿರ ನಮ್ಮ ಮನೆ, ಸಣ್ಣ ಅಂಗಳ, ನಮ್ಮಲ್ಲೂ ಅತ್ತೆ ಇದ್ದಾರೆ, ಮಗಳು ಹೈಸ್ಕೂಲು. ನಾಯಿಗೆ ಶೆಲ್ಟರ್‌ನವರು ಇಟ್ಟ ಹೆಸರು ಒಂದು, ಮಗಳು ಇಟ್ಟದ್ದು ಇನ್ನೊಂದು. ಅತ್ತೆ ತುಳುವಿನಲ್ಲಿ "ಪೊಣ್ಣು, ಪೊಣ್ಣು" (ಹುಡುಗಿ) ಅಂತ ಕರೆದು ಕರೆದು ಕೊನೆಗೆ ಅದೇ ನಿಂತಿತು.

ಶೆಲ್ಟರ್ ಒಳಗೆ ಹೋದ ಕೂಡಲೇ ಮಂಡೆ ಬೆಚ್ಚ ಆಗುತ್ತದೆ, ತಯಾರಾಗಿ ಹೋಗಿ. ಎಲ್ಲವೂ ಒಟ್ಟಿಗೆ ಬೊಗಳುತ್ತವೆ. ಫಿನಾಯಿಲ್ ವಾಸನೆ. ಮೂರು ಕಾಲಿನದ್ದು, ಒಂದು ಕಣ್ಣು ಹೋದದ್ದು, ಕೂದಲೆಲ್ಲ ಉದುರಿದ್ದು. ಮರಿಗಳು ಓಡಿ ಬಂದು ಕಾಲಿಗೆ ಸುತ್ತಿಕೊಳ್ಳುತ್ತವೆ, ನಾವು ನೋಡಿದಾಗ ಅದರಲ್ಲಿ ಹೆಣ್ಣೇ ಜಾಸ್ತಿ. ನಮ್ಮ ಊರಿನ ಕಥೆ ನಿಮಗೆ ಗೊತ್ತಿಲ್ಲದ್ದೇನಲ್ಲ, ಗಂಡು ಮರಿ ಇಟ್ಟುಕೊಂಡು ಹೆಣ್ಣು ಮರಿಗಳನ್ನು ಗೋಣಿಗೆ ಹಾಕಿ ಮೀನು ಮಾರ್ಕೆಟ್ ಹತ್ತಿರವೋ ಗುಡ್ಡೆಯಲ್ಲೋ ಬಿಟ್ಟು ಬರುವವರು ಇನ್ನೂ ಇದ್ದಾರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಇದು ಅಪರಾಧವೇ. ಆದರೆ ಆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ಇಟ್ಟಿದ್ದ ದಂಡ ಹೆಚ್ಚೆಂದರೆ 50 ರೂಪಾಯಿ. ಅಷ್ಟಕ್ಕೆ ಯಾರು ಹೆದರುತ್ತಾರೆ ಹೇಳಿ.

ಮರಿ ನೋಡಿದ ಕೂಡಲೇ ಕರಗಿ ಎತ್ತಿಕೊಂಡು ಬರಬೇಡಿ. ದಿನಾ ಊಟ ಹಾಕುವವರು, ಗೂಡು ತೊಳೆಯುವವರು ಯಾರು ಅಂತ ಹುಡುಕಿ ಅವರ ಹತ್ತಿರ ಮಾತಾಡಿ. ಯಾವುದು ಊಟಕ್ಕೆ ಜಗಳ ಮಾಡುತ್ತದೆ, ಯಾವುದು ಕಟ್ಟಿದರೆ ಕೂಗುತ್ತದೆ, ಯಾವುದು ಮಕ್ಕಳು ಬಂದರೆ ಹಿಂದೆ ಸರಿಯುತ್ತದೆ, ಬೆಕ್ಕು ಕಂಡರೆ ಏನು ಮಾಡುತ್ತದೆ, ಎಲ್ಲ ಅವರಿಗೆ ಗೊತ್ತು. ನಮಗೆ ಪೊಣ್ಣುವನ್ನು ತೋರಿಸಿದ್ದು ಅಂಥ ಒಬ್ಬ ಹುಡುಗ. ಅದು ಹಿಂದಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿತ್ತು, ನಾವಾಗಿ ನೋಡುತ್ತಲೇ ಇರಲಿಲ್ಲ. "ಗಾಡಿ ಬಡಿದು ಬಂದದ್ದು ಅಕ್ಕಾ, ಹಿಂದಿನ ಕಾಲು ಸ್ವಲ್ಪ ಕುಂಟು. ಯಾರಿಗೂ ಕಚ್ಚಿಲ್ಲ, ಯಾರ ಹತ್ತಿರವೂ ಬರುವುದಿಲ್ಲ" ಅಂದ. ಕಿವಿಯ ತುದಿ ಸ್ವಲ್ಪ ಕತ್ತರಿಸಿದ್ದು ಕಾಣಿಸಿತು. ಸಂತಾನಹರಣ ಆಪರೇಷನ್ ಆದ ಗುರುತು ಅದು. ಆಪರೇಷನ್ ಆದದ್ದು ತಂದರೆ ಬೆದೆಯ ರಗಳೆ ಇಲ್ಲ, ಗೇಟಿನ ಹೊರಗೆ ಬೀದಿಯ ಗಂಡು ನಾಯಿಗಳ ಸಭೆಯೂ ಇಲ್ಲ.

ಅವರೂ ನಿಮ್ಮನ್ನು ಪ್ರಶ್ನೆ ಕೇಳುತ್ತಾರೆ. ಸ್ವಂತ ಮನೆಯಾ ಬಾಡಿಗೆಯಾ, ಹಗಲು ಯಾರಿರುತ್ತಾರೆ, ಊರಿಗೆ ಹೋದರೆ ನಾಯಿ ಎಲ್ಲಿ, ಕಟ್ಟಿ ಹಾಕುತ್ತೀರಾ ಅಂತ. ಆಧಾರ್ ಪ್ರತಿ, ಒಂದು ಫಾರಂ, ಸಾಕಲು ಆಗದಿದ್ದರೆ ಬೀದಿಗೆ ಬಿಡದೆ ವಾಪಸು ತಂದುಕೊಡುತ್ತೇವೆ ಅಂತ ಒಂದು ಸಹಿ. "ಬಿಟ್ಟಿ ನಾಯಿಗೆ ಇಷ್ಟೆಲ್ಲ ವಿಚಾರಣೆಯಾ" ಅಂತ ನಮ್ಮವರಿಗೆ ಸ್ವಲ್ಪ ಸಿಟ್ಟು ಬಂದಿತ್ತು. ನನಗೇನೋ ಹಾಗೆ ಕೇಳುವವರ ಮೇಲೆಯೇ ನಂಬಿಕೆ ಜಾಸ್ತಿ. ಏನೂ ಕೇಳದೆ ಕೊಡುವವರಿದ್ದರೆ ಹುಷಾರು.

ಈಗ ನೆಂಟರ ಮಾತು, ರೋಗದ್ದು. ಪೂರ್ತಿ ಸುಳ್ಳಲ್ಲ. ತುಂಬ ನಾಯಿಗಳು ಒಂದೇ ಕಡೆ ಇದ್ದರೆ ಒಂದರಿಂದ ಒಂದಕ್ಕೆ ಹರಡುವ ಕಾಯಿಲೆ ಇರುವುದೇ. ಆದರೆ ಅದರಲ್ಲಿ ಹೆಚ್ಚು ಕಷ್ಟ ಮರಿಗಳಿಗೆ. ಪಾರ್ವೊ ಅಂತ ಒಂದು ವೈರಸ್ ಉಂಟು, ವಾಂತಿ, ರಕ್ತ ಭೇದಿ, ಎರಡು ಮೂರು ದಿನದಲ್ಲಿ ಮರಿ ಹೋಗಿಬಿಡಬಹುದು. ಮಣ್ಣಿನಲ್ಲಿ, ನೆಲದಲ್ಲಿ ಅದು ತಿಂಗಳುಗಟ್ಟಲೆ ಉಳಿಯುತ್ತದೆ. ಮರಿಗೆ 6ರಿಂದ 8 ವಾರಕ್ಕೆ ಮೊದಲ ಇಂಜೆಕ್ಷನ್, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ಆಗುವವರೆಗೆ. ಅದು ಮುಗಿಯುವ ತನಕ ಪೂರ್ತಿ ರಕ್ಷಣೆ ಇಲ್ಲ. ರೇಬೀಸ್ ಇಂಜೆಕ್ಷನ್ ಕೂಡ ಸಾಮಾನ್ಯವಾಗಿ ಮೂರು ತಿಂಗಳು ತುಂಬಿದ ಮೇಲೆ. ದೊಡ್ಡ ನಾಯಿ ಇದನ್ನೆಲ್ಲ ದಾಟಿ ಬಂದಿರುತ್ತದೆ. ಇಂಜೆಕ್ಷನ್ ಕಾರ್ಡು ಕೇಳಿ ಪಡೆಯಿರಿ, ವರ್ಷಕ್ಕೊಮ್ಮೆ ಹಾಕಿಸಿದರೆ ಆಯಿತು.

ಇನ್ನೊಂದು ಕಾರಣ ನಿಮ್ಮ ಕೆಲಸ. ಮರಿಗೆ ಎರಡು ಮೂರು ಗಂಟೆಗೊಮ್ಮೆ ಮೂತ್ರ ಮಾಡಿಸಬೇಕು, ಚಪ್ಪಲಿ, ಸೋಫಾ, ಚಾರ್ಜರ್ ವಯರ್ ಎಲ್ಲ ಅಗಿಯುತ್ತದೆ. ಅದನ್ನೆಲ್ಲ ಮಾಡುವವರು ಯಾರು? ನಿಮ್ಮ ಅತ್ತೆ. ಅವರು ಅದರ ಹಿಂದೆ ಓಡುವುದೂ ಒರೆಸುವುದೂ ಆಗುವ ಮಾತಲ್ಲ, ಕಾಲಿಗೆ ಸಿಕ್ಕಿ ಬಿದ್ದರೆ ಆಮೇಲೆ ನಾಯಿ ಬಿಡಿ, ಆಸ್ಪತ್ರೆಗೆ ಓಡಬೇಕು. ದೊಡ್ಡ ನಾಯಿ ದಿನಕ್ಕೆ 12ರಿಂದ 14 ಗಂಟೆ ಮಲಗಿಯೇ ಇರುತ್ತದೆ. ನಮ್ಮ ಪೊಣ್ಣು ಮಧ್ಯಾಹ್ನ ಅತ್ತೆ ಧಾರಾವಾಹಿ ನೋಡುವಾಗ ಅವರ ಮಂಚದ ಕೆಳಗೆ ಗೊರಕೆ ಹೊಡೆಯುತ್ತದೆ.

"ಹೊಂದಿಕೊಳ್ಳುವುದಿಲ್ಲ" ಎನ್ನುವ ಮಾತು ಎಲ್ಲಿಂದ ಬಂತು ಅಂತ ನನಗೆ ಅಂದಾಜು ಉಂಟು. ಮೊದಲ ಕೆಲವು ವಾರ ಶೆಲ್ಟರ್ ನಾಯಿ ನಾಯಿಯ ಹಾಗೆಯೇ ಇರುವುದಿಲ್ಲ. ನಮ್ಮದು ಬಂದ ದಿನ ವಾಷಿಂಗ್ ಮಷಿನ್ ಹಿಂದೆ ಹೋಗಿ ಕೂತದ್ದು, ಹೊರಗೆ ಬರಲಿಲ್ಲ. ಊಟ ಮುಟ್ಟಲಿಲ್ಲ, ರಾತ್ರಿ ನಾವೆಲ್ಲ ಮಲಗಿದ ಮೇಲೆ ಬಂದು ತಿಂದು ಮತ್ತೆ ಅಲ್ಲಿಗೇ. ಮೂತ್ರ ಕೂಡ ಇಡೀ ದಿನ ಹಿಡಿದುಕೊಂಡಿತ್ತು. ಬೊಗಳುವುದಂತೂ ಇಲ್ಲವೇ ಇಲ್ಲ. "ಎಂತ ಮಾರಾಯ್ತಿ, ಮೂಗಿ ನಾಯಿ ತಂದಿದ್ದೀಯಾ" ಅಂತ ಅತ್ತೆ ನನ್ನನ್ನೇ ತಮಾಷೆ ಮಾಡಿದರು. ಈ ಹೊತ್ತಿನಲ್ಲಿ ಜನ ಎರಡು ಕೆಲಸ ಮಾಡುತ್ತಾರೆ. ಒಂದೋ ಎಳೆದು ಹೊರಗೆ ತಂದು ಮುದ್ದು ಮಾಡಲು ಹೋಗುತ್ತಾರೆ, ನೆಂಟರನ್ನು ಕರೆದು ತೋರಿಸುತ್ತಾರೆ. ಇಲ್ಲವೇ "ಇದು ಸರಿಯಿಲ್ಲ" ಅಂತ ವಾರದೊಳಗೆ ವಾಪಸು ಬಿಟ್ಟು ಬರುತ್ತಾರೆ. ಎರಡೂ ಬೇಡ. ನೀರು, ಊಟ ದಿನಾ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಇಡಿ, ಮತ್ತೆ ನಿಮ್ಮ ಪಾಡಿಗೆ ನೀವಿರಿ. ನೆಲದ ಮೇಲೆ ಪೇಪರ್ ಓದುತ್ತಾ ಸುಮ್ನೆ ಕೂತುಕೊಳ್ಳಿ, ಅದನ್ನು ನೋಡಲೂ ಹೋಗಬೇಡಿ. ಹತ್ತಿರ ಬಂದು ಮೂಸುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ನಮ್ಮ ಮನೆಯಲ್ಲಿ ಅದು ಮೊದಲು ಹೋದದ್ದು ಯಾರ ಹತ್ತಿರ ಗೊತ್ತಾ? ನಾಯಿಯೇ ಬೇಡ ಎಂದಿದ್ದ ನಮ್ಮವರ ಹತ್ತಿರ. ಅವರೊಬ್ಬರೇ ಅದರ ಸುದ್ದಿಗೆ ಹೋಗದೆ ಇದ್ದವರು!

ಅದರ ದನಿ ನಾವು ಕೇಳಿದ್ದು ಸ್ಕೂಟರಿನಲ್ಲಿ ಮೀನು ತರುವವರು ಗೇಟಿನ ಹತ್ತಿರ ಪೊಂ ಪೊಂ ಅಂತ ಹಾರ್ನ್ ಹಾಕಿದಾಗ. ಅಲ್ಲಿಂದ ಶುರುವಾದದ್ದು ಈಗ ಸಿಲಿಂಡರಿನವರು, ಕೊರಿಯರಿನವರು, ಪಕ್ಕದ ಮನೆಯ ಬೆಕ್ಕು, ಯಾರಿಗೂ ರಿಯಾಯಿತಿ ಇಲ್ಲ. ಮೂಗಿಯಾಗಿದ್ದರೇ ಚೆನ್ನಾಗಿತ್ತು ಅಂತ ಒಮ್ಮೊಮ್ಮೆ ಅನ್ನಿಸುತ್ತದೆ.

ಓಡಿಹೋಗುವ ಭಯವೂ ಮೊದಲ ವಾರಗಳಲ್ಲೇ ಜಾಸ್ತಿ. ಅದಕ್ಕೆ ನಿಮ್ಮ ಮನೆ ಯಾವುದು ಅಂತಲೇ ಇನ್ನೂ ಗೊತ್ತಿರುವುದಿಲ್ಲ. ಸ್ಕೂಟರಿನಲ್ಲಿ ತರಬೇಡಿ, ಕಾರು ಅಥವಾ ರಿಕ್ಷಾ ಮಾಡಿ. ಕುತ್ತಿಗೆಯ ಪಟ್ಟಿಯಿಂದ ಹೆದರಿದ ನಾಯಿ ಹಿಂದಕ್ಕೆ ಎಳೆದು ತಲೆ ಜಾರಿಸಿಕೊಳ್ಳುತ್ತದೆ, ಅದಕ್ಕೆ ಎದೆಗೆ ಹಾಕುವ ಹಾರ್ನೆಸ್ ಕೂಡ ಇರಲಿ. ಪಟ್ಟಿಯಲ್ಲಿ ಫೋನ್ ನಂಬರ್ ಬರೆಸಿ. ಲಿಫ್ಟಿನ ಬಾಗಿಲು ತೆರೆಯುವಾಗ ಹಗ್ಗ ಕೈಗೆ ಸುತ್ತಿಕೊಂಡಿರಿ.

ನಿಜವಾಗಿ ನಮ್ಮನ್ನು ಸುಸ್ತು ಮಾಡಿದ್ದು ಉಣುಗು, ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆ ಹುಳ. ನಮ್ಮ ಕರಾವಳಿಯ ಸೆಕೆ, ಪಸೆ ಎರಡೂ ಅದಕ್ಕೆ ಹೇಳಿ ಮಾಡಿಸಿದ್ದು. ಪೊಣ್ಣು ಒಂದು ಮಳೆಗಾಲದಲ್ಲಿ ಊಟ ಬಿಟ್ಟಿತು, ಮೆಟ್ಟಿಲು ಹತ್ತಲು ಸೋಮಾರಿತನ ಮಾಡಿತು, ಒಸಡು ಬಿಳಿಚಿಕೊಂಡಿತ್ತು. ಮೊದಲು ತೋರಿಸಿದ ಕ್ಲಿನಿಕ್ಕಿನಲ್ಲಿ ಗ್ಯಾಸ್ ಅಂದು ಸಿರಪ್ ಕೊಟ್ಟರು. ಇನ್ನೊಬ್ಬ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಪ್ಲೇಟ್ಲೆಟ್ ತೀರಾ ಕಡಿಮೆ. ಉಣುಗಿನಿಂದ ಬರುವ ಜ್ವರ, ಎರ್ಲಿಕಿಯಾ ಅಂತ. ಇದಕ್ಕೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನ ಕೊಡುತ್ತಾರೆ. ನಾಲ್ಕು ದಿನಕ್ಕೆ ಹುಷಾರಾಯಿತು ಅಂತ ನಡುವೆ ನಿಲ್ಲಿಸಬಾರದು. ನಿಮ್ಮ ನಾಯಿ ಮಂಕಾಗಿ ಊಟ ಬಿಟ್ಟರೆ ರಕ್ತ ಪರೀಕ್ಷೆ ಮಾಡಿ ಅಂತ ನೀವೇ ಬಾಯಿಬಿಟ್ಟು ಕೇಳಿ. ಉಣುಗನ್ನು ಬೆರಳಿನಲ್ಲಿ ಹಿಸುಕಬೇಡಿ, ಚಿಮಟದಲ್ಲಿ ಬುಡದಿಂದ ಹಿಡಿದು ಎಳೆಯಿರಿ. ಹಳೆಯವರು ಹೇಳುವ ಸೀಮೆಎಣ್ಣೆ ಮಾತ್ರ ಹಚ್ಚಬೇಡಿ, ಚರ್ಮ ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ಉಣುಗಿಗೆ ಮಾತ್ರೆ ಬರುತ್ತದೆ, ಕುತ್ತಿಗೆಗೆ ಬಿಡುವ ಔಷಧಿಯೂ ಬರುತ್ತದೆ, ತೂಕ ನೋಡಿ ಡಾಕ್ಟರು ಹೇಳುತ್ತಾರೆ. ಮನೆಯಲ್ಲಿ ಬೆಕ್ಕೂ ಇದ್ದರೆ ಅದನ್ನು ಮೊದಲೇ ಹೇಳಿ, ಉಣುಗಿಗೆಂದು ನಾಯಿಗೆ ಹಾಕುವ ಪರ್ಮೆಥ್ರಿನ್ ಎಂಬ ಔಷಧಿ ಬೆಕ್ಕಿಗೆ ವಿಷ. ಉಣುಗು ನಾಯಿಯ ಮೈಯಲ್ಲಿ ಮಾತ್ರ ಇರುವುದೂ ಅಲ್ಲ, ಗೋಡೆಯ ಬಿರುಕಿನಲ್ಲಿ, ಕಿಟಕಿಯ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಅಲ್ಲೂ ಕ್ಲೀನ್ ಮಾಡಿಸಿ.

ಮಳೆಗಾಲ ಬೇರೆಯೇ ಅಧ್ಯಾಯ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಸುರಿಯುವ ಊರಿನಲ್ಲಿ ವಾಕಿಂಗ್ ಅಂದರೆ ಮಳೆ ಬಿಟ್ಟ ಹತ್ತು ನಿಮಿಷ. ಕಾಲ್ಬೆರಳುಗಳ ನಡುವೆ ಒರೆಸದಿದ್ದರೆ ಫಂಗಸ್. ನಿಂತ ನೀರು ಕುಡಿಯಲು ಬಿಡಬೇಡಿ, ಇಲಿ ಜ್ವರ ನಾಯಿಗೂ ಬರುತ್ತದೆ, ಅದರ ಮೂತ್ರದಿಂದ ನಮಗೂ ಬರಬಹುದು. ವರ್ಷದ ಇಂಜೆಕ್ಷನ್ನಿನಲ್ಲಿ ಇಲಿ ಜ್ವರದ್ದೂ ಸೇರಿದೆಯಾ ಅಂತ ನೋಡಿಕೊಳ್ಳಿ.

ಊಟದ ವಿಷಯದಲ್ಲಿ ನನಗೂ ಅತ್ತೆಗೂ ಇನ್ನೂ ರಾಜಿ ಆಗಿಲ್ಲ. ಅವರ ಪ್ರಕಾರ ಕುಚ್ಚಲಕ್ಕಿ ಅನ್ನಕ್ಕೆ ಬೂತಾಯಿ ಮೀನಿನ ಸಾರು ಕಲಸಿ ಹಾಕಿದರೆ ಮುಗಿಯಿತು, ಅವರ ಅಪ್ಪನ ಮನೆಯ ನಾಯಿಗಳೆಲ್ಲ ಅದನ್ನೇ ತಿಂದು ಬದುಕಿದ್ದವಂತೆ. ಸಾರಿನಲ್ಲಿ ನೀರುಳ್ಳಿ, ಬೆಳ್ಳುಳ್ಳಿ ಇರುತ್ತದೆ ಅಲ್ವಾ, ಅವೆರಡೂ ನಾಯಿಗೆ ಆಗುವುದಿಲ್ಲ. ದ್ರಾಕ್ಷಿ, ಚಾಕಲೇಟು ಕೂಡ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳುತ್ತದೆ. ಈಗ ಅನ್ನ, ಮೊಟ್ಟೆ, ಚೀನಿಕಾಯಿ (ಸಿಹಿಗುಂಬಳ), ಖಾರ ಹಾಕದೆ ಬೇಯಿಸಿ ಮುಳ್ಳು ತೆಗೆದ ಮೀನು. ಮುಳ್ಳು ತೆಗೆಯುವವರು ಅತ್ತೆಯೇ.

ಕಚ್ಚುವ ಭಯ ಅಂದರೆ, ನಮ್ಮದು ಕಚ್ಚಿಲ್ಲ. ಆದರೆ ಯಾವ ನಾಯಿಯ ಹಲ್ಲು ತಾಗಿದರೂ, ಉಗುರಿನಿಂದ ಗೀರಿ ರಕ್ತ ಬಂದರೂ 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ನಾಯಿಗೆ ಇಂಜೆಕ್ಷನ್ ಆಗಿದೆಯಲ್ಲ ಅಂತ ಮನೆಯಲ್ಲಿ ಕೂರಬೇಡಿ.

ಫ್ಲ್ಯಾಟಿನವರು ಆಕ್ಷೇಪ ಎತ್ತಿದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ತೋರಿಸಿ. ಬಹುಮತ ಇದ್ದರೂ ಸಂಘದವರು ನಾಯಿ ಸಾಕುವುದನ್ನು ನಿಷೇಧಿಸುವ ಹಾಗಿಲ್ಲ, ಲಿಫ್ಟ್ ಬಳಸಬಾರದು ಎನ್ನುವ ಹಾಗೂ ಇಲ್ಲ. ಹಾಗಂತ ಕಾಗದ ಹಿಡಿದು ಜಗಳಕ್ಕೆ ಹೋಗುವ ಮೊದಲು ನಾಯಿ ಮಾಡಿದ್ದನ್ನು ಎತ್ತುವ ಕವರು ಕಿಸೆಯಲ್ಲಿ ಇರಲಿ.

ಎಲ್ಲಿ ನೋಡುವುದು ಅಂದರೆ ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್ ನಿಮಗೆ ಹತ್ತಿರ. ದೀಪಾವಳಿಯ ಹತ್ತಿರ ಮಾತ್ರ ತರಬೇಡಿ, ಹೊಸ ಮನೆ, ಹೊಸ ಜನ, ಮೇಲಿಂದ ಪಟಾಕಿ, ಪಾಪದ್ದು ಹೆದರಿಯೇ ಸಾಯುತ್ತದೆ. ಭೂತದ ನೇಮ, ಜಾತ್ರೆಯ ಗರ್ನಾಲ್ ಪಟಾಕಿ ಹೇಗೂ ತಪ್ಪಿದ್ದಲ್ಲ, ಅಷ್ಟರೊಳಗೆ ಮಂಚದ ಕೆಳಗೆ ತನ್ನದೇ ಒಂದು ಜಾಗ ಮಾಡಿಕೊಂಡಿರುತ್ತದೆ.

ಮತ್ತೆ, ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ. ಹಗಲಿಡೀ ಅದರ ಜೊತೆ ಇರುವವರು ಅವರೇ ತಾನೇ. ಒಂದೇ ಸಲಕ್ಕೆ ತೀರ್ಮಾನ ಬೇಡ, ಇನ್ನೊಂದು ವಾರ ಹೋಗಿ ಅದೇ ನಾಯಿಯನ್ನು ಮತ್ತೆ ನೋಡಲಿ. ಅವರು ಬೇಡ ಅಂದರೆ ತರಬೇಡಿ. ಆಗ ಭಾನುವಾರ ನೀವಿಬ್ಬರೇ ಶೆಲ್ಟರಿಗೆ ಹೋಗಿ, ಅವರು ಒಪ್ಪಿದರೆ ನಾಯಿಗಳಿಗೆ ಸ್ನಾನ ಮಾಡಿಸಿ, ವಾಕಿಂಗ್ ಮಾಡಿಸಿ ಬನ್ನಿ. ಅಲ್ಲಿ ಕೆಲಸಕ್ಕೆ ಜನ ಯಾವಾಗಲೂ ಬೇಕು.