ಹವಳದ ತೊಟ್ಟಿಗೆ ಅಗ್ಗದ ಖನಿಜ: ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಹವಳದ ಅಕ್ವೇರಿಯಂನಲ್ಲಿ ಕಲ್ಲು, ಮರಳು ಬಿಟ್ಟು 100 ಲೀಟರ್ ನೀರಿದೆ. ಕ್ಯಾಲ್ಸಿಯಂ 360, ಮೆಗ್ನೀಷಿಯಂ 1120 ಪಿಪಿಎಂ (ದಶಲಕ್ಷಕ್ಕೆ ಇಷ್ಟು ಭಾಗ), ಆಲ್ಕಲಿನಿಟಿ (ಆಮ್ಲವನ್ನು ತಟಸ್ಥಗೊಳಿಸುವ ಶಕ್ತಿ) 6 ಡಿಕೆಎಚ್ (ಅದರ ಅಳತೆ), ಸಾಂದ್ರತೆ 1.023. ಈ ಖನಿಜಗಳ ಆಮದಾದ ಬಾಟಲಿಗಳು ತುಂಬಾ ದುಬಾರಿ. ಬದಲಿಗೆ ಏನು ತರಲಿ?
— ಓದುಗರೊಬ್ಬರು, ಜಯನಗರ

ಉತ್ತರ: ಸದ್ಯಕ್ಕೆ ಏನೂ ತರಬೇಡಿ. ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ, ಆಲ್ಕಲಿನಿಟಿ ಸುಮಾರು 410, 1290 ಮತ್ತು 7 ಇರುತ್ತವೆ. ನಿಮ್ಮಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಗ್ಗಿವೆ ಎಂದರೆ ಕಡಿಮೆಯಾಗಿರುವುದು ಉಪ್ಪು. ಉಪ್ಪಿನಂಶ, ಸಾಂದ್ರತೆ ಅಳೆಯುವ ರಿಫ್ರಾಕ್ಟೋಮೀಟರನ್ನು 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪಿನ) ದ್ರಾವಣದಲ್ಲಿ ಸರಿಹೊಂದಿಸಿ ಮತ್ತೆ ಅಳೆಯಿರಿ. 1.023 ನಿಜವಾದರೆ, ಆವಿಯಾದ ನೀರಿನ ಜಾಗಕ್ಕೆ ಕೆಲವು ದಿನ ಹವಳದ ತೊಟ್ಟಿಯ ಉಪ್ಪು ಬೆರೆಸಿದ ನೀರನ್ನೇ ತುಂಬಿ, ದಿನಕ್ಕೆ 0.001ಕ್ಕಿಂತ ಹೆಚ್ಚು ಏರದಂತೆ 1.026ಕ್ಕೆ ತನ್ನಿ.

ಆಮೇಲೆ ಮೂರು ದಿನ ಏನನ್ನೂ ಹಾಕದೆ ಒಂದೇ ಹೊತ್ತಿನಲ್ಲಿ ಡಿಕೆಎಚ್ ಅಳೆಯಿರಿ. ಇಳಿಯದಿದ್ದರೆ ವಾರಕ್ಕೆ 10 ಲೀಟರ್ ನೀರು ಬದಲಿಸಿದರೆ ಸಾಕು; ಮೆತ್ತನೆಯ ಹವಳಗಳಷ್ಟೇ ಇರುವ ತೊಟ್ಟಿಗೆ ಬಹಳ ಸಲ ಇಷ್ಟೇ ಬೇಕಾಗುವುದು. ದಿನಕ್ಕೆ 0.5 ಇಳಿಯುತ್ತಿದ್ದರೆ 100 ಲೀಟರಿಗೆ ದಿನವೂ ಅಡುಗೆ ಸೋಡಾ 1.5 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 1.3 ಗ್ರಾಂ. ಮೆಗ್ನೀಷಿಯಂ ನಿಧಾನವಾಗಿ ಖರ್ಚಾಗುತ್ತದೆ, ತಿಂಗಳಿಗೊಮ್ಮೆ ನೋಡಿ. 10 ಪಿಪಿಎಂ ಏರಿಸಲು ಮೆಗ್ನೀಷಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ 8.4 ಗ್ರಾಂ.

ಸೋಡಾವನ್ನೂ ಕ್ಯಾಲ್ಸಿಯಂ ಅನ್ನೂ ಬೇರೆಬೇರೆ ಲೋಟದಲ್ಲಿ ಆರ್‌ಒ ನೀರಿಗೆ ಕರಗಿಸಿ, ಪಂಪಿನ ನೀರು ಜೋರಾಗಿ ಹರಿಯುವ ಕಡೆ ಒಂದನ್ನು ಹಾಕಿ, ಅರ್ಧ ಗಂಟೆ ಬಿಟ್ಟು ಇನ್ನೊಂದನ್ನು ಹಾಕಿ. ಒಟ್ಟಿಗೆ ಸುರಿದರೆ ನೀರು ಹಾಲಿನಂತೆ ಬೆಳ್ಳಗಾಗಿ, ಹಾಕಿದ್ದರಲ್ಲಿ ಒಂದಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಹೀಟರು, ಪಂಪಿಗೆ ಮೆತ್ತಿಕೊಳ್ಳುತ್ತದೆ.

ದುಡ್ಡು ಉಳಿಸಿ, ಶುದ್ಧತೆಯಲ್ಲಿ ಮಾತ್ರ ರಾಜಿಯಾಗಬೇಡಿ. ಫುಡ್ ಗ್ರೇಡ್ ಅಥವಾ ಲ್ಯಾಬ್ ಗ್ರೇಡ್ ಎಂದು ಲೇಬಲ್ ಇರುವುದನ್ನೇ ಕೇಳಿ ತನ್ನಿ. ಬೇಕಿಂಗ್ ಪೌಡರ್ ಬೇರೆಯೇ ವಸ್ತು, ಅದರಲ್ಲಿ ಪಿಷ್ಟವೂ ಆಮ್ಲವೂ ಇರುತ್ತವೆ. ಬೀರುವಿನಲ್ಲಿಡುವ ತೇವ ಹೀರುವ ಡಬ್ಬಿಯ ಹರಳೂ ಬೇಡ. ಕ್ಯಾಲ್ಸಿಯಂ ಕ್ಲೋರೈಡ್ ಬೆಂಗಳೂರಿನ ಮಳೆಗಾಲದಲ್ಲಿ ಬೇಗ ನೀರೊಡೆಯುತ್ತದೆ. ಆಗ ತೂಕ ತಪ್ಪುತ್ತದೆ, ಗಾಳಿಯಾಡದ ಡಬ್ಬಿಯಲ್ಲಿಡಿ. ಬೋರ್‌ವೆಲ್ ನೀರು ಗಡಸು, ಅದರಲ್ಲೇ ಕ್ಯಾಲ್ಸಿಯಂ ಇದೆ ಎಂದು ಅದನ್ನು ತುಂಬಲು ಹೋಗಬೇಡಿ, ಜೊತೆಗೆ ನೈಟ್ರೇಟೂ ಬರಬಹುದು.

ಪ್ರಶ್ನೆ: ಎಲೆ-ಅಡಿಕೆಯ ಸುಣ್ಣವೂ ಕ್ಯಾಲ್ಸಿಯಮ್ಮೇ ಅಲ್ಲವೇ? ಅದನ್ನೇ ಹಾಕಬಹುದೇ?
— ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ನಿಮ್ಮ ಯೋಚನೆ ಸರಿ. ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಕ್ಯಾಲ್ಸಿಯಂ ಜೊತೆಗೆ ಆಲ್ಕಲಿನಿಟಿಯನ್ನೂ ಕೊಡುತ್ತದೆ. ಆದರೆ ಅಂಗಡಿಯ ಸುಣ್ಣದಲ್ಲಿ ಇನ್ನೇನು ಬೆರೆತಿದೆಯೋ ಹೇಳಲಾಗದು. ಫುಡ್ ಗ್ರೇಡ್ ಪುಡಿ ತಂದು, 1 ಲೀಟರ್ ಆರ್‌ಒ ನೀರಿಗೆ 1.5 ಗ್ರಾಂ ಕಲಕಿ, ಮುಚ್ಚಿಟ್ಟು, ತಿಳಿಯನ್ನಷ್ಟೇ ಬಳಸಿ. ಆ ಒಂದು ಲೀಟರ್ 100 ಲೀಟರ್ ತೊಟ್ಟಿಯ ಡಿಕೆಎಚ್ ಅನ್ನು ಸುಮಾರು 1.1 ಏರಿಸುತ್ತದೆ, ಆದ್ದರಿಂದ ಅಷ್ಟು ಸೋಡಾ, ಕ್ಯಾಲ್ಸಿಯಂ ಕಡಿಮೆ ಮಾಡಿ. ಇದರ ಪಿಎಚ್ 12 ದಾಟುತ್ತದೆ: ಕೈಗವಸು, ಕನ್ನಡಕ ಹಾಕಿಕೊಳ್ಳಿ. ಆವಿಯಾದಷ್ಟು ನೀರಿನ ಲೆಕ್ಕದಲ್ಲೇ, ಪಿಎಚ್ ತಾನಾಗಿ ಇಳಿಯುವ ರಾತ್ರಿ ಹೊತ್ತಿನಲ್ಲಿ, ಡ್ರಿಪ್ ಕೊಳವೆಯಿಂದ ಹನಿಹನಿಯಾಗಿ ಬಿಡಿ.